ಅಪ್ಪನ ಫೋನು ರಾತ್ರಿ ಎಂಟಕ್ಕೆ ಬರುತ್ತದೆ

ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದಕ್ಕೂ ಒಂದು ದಿನಚರಿ ಇರುತ್ತದೆ. ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋಗುತ್ತದೆ. ತಿಂಡಿ ಆದಮೇಲೆ ಅಪ್ಪನ ಅಂಗಿಯ ಜೇಬಲ್ಲಿ ಕುಳಿತು ಗಾರೆ ಕೆಲಸಕ್ಕೋ ಆಟೊ ಸ್ಟ್ಯಾಂಡಿಗೋ ಹೊರಡುತ್ತದೆ. ರಾತ್ರಿ ಎಂಟಕ್ಕೆ ಮನೆಗೆ ಬರುವಾಗ ಬ್ಯಾಟರಿಯಲ್ಲಿ ಜೀವವಿರುವುದಿಲ್ಲ. ಚಾರ್ಜಿಗೆ ಹಾಕಿ ಒಂದಿಷ್ಟು ಏರಿದ ಮೇಲೆ ಮೊದಲ ಸರದಿ ಅಣ್ಣನದು. ಆಮೇಲೆ ಅಮ್ಮ ತವರಿಗೊಂದು ವಿಡಿಯೊ ಕಾಲ್ ಮಾಡುತ್ತಾಳೆ. ಒಂಬತ್ತನೇ ತರಗತಿಯ ಹುಡುಗಿಯ ಕೈಗೆ ಸಿಗುವಾಗ ಊರು ಮಲಗುವ ಹೊತ್ತು. ದಿನದ ಒಂದೂವರೆ ಜಿಬಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಅವಳ ವಿಜ್ಞಾನದ ಪಾಠ.

ಮೊಬೈಲ್ ಮೂಲಕ ಕಲಿಕೆಯ ಬಗ್ಗೆ ಹತ್ತು ವರ್ಷಗಳಿಂದ ಬಹಳ ಮಾತಾಡಿದ್ದೇವೆ. ಯಾವ ಆ್ಯಪ್ ಒಳ್ಳೆಯದು, ಯಾರ ವಿಡಿಯೊ ಚೆನ್ನಾಗಿದೆ, ಕಣ್ಣಿಗೆ ಎಷ್ಟು ಹಾನಿ ಎಂದೆಲ್ಲ ಚರ್ಚೆ ನಡೆದಿದೆ. ಮನೆಯೊಳಗಿನ ಈ ಸರದಿಯ ಬಗ್ಗೆ ಮಾತು ಕಡಿಮೆ. ಫೋನು ಯಾರದು, ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಅದು ಏನು ಕಲಿಸುತ್ತದೆ ಎಂಬುದು ನಿಂತಿದೆ ಎಂದು ನನಗನ್ನಿಸುತ್ತದೆ.

ಫೋನು ಪಾಠದ ಸಾಧನವಾದದ್ದು ಶಿಕ್ಷಣ ಇಲಾಖೆಯ ಯೋಜನೆಯಿಂದಲ್ಲ, ದರ ಇಳಿದದ್ದರಿಂದ. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ 269 ರೂಪಾಯಿ ಬೀಳುತ್ತಿತ್ತು. ಆ ದರದಲ್ಲಿ ಅರ್ಧ ಗಂಟೆಯ ಗಣಿತದ ವಿಡಿಯೊ ನೋಡುವುದು ಶ್ರೀಮಂತರ ಚಟವಾಗಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಮೊದಲ ಕೆಲವು ತಿಂಗಳು ಡೇಟಾವನ್ನು ಪುಕ್ಕಟೆ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. 2018ರ ಹೊತ್ತಿಗೆ ಒಂದು ಜಿಬಿ 12 ರೂಪಾಯಿಯ ಆಸುಪಾಸಿಗೆ ಬಂದಿತ್ತು. ಶಿಕ್ಷಕರ ದಿನದಂದೇ ಅಗ್ಗದ ಡೇಟಾ ಬಂದದ್ದು ಕಾಕತಾಳೀಯವೇ ಇರಬಹುದು. ಆದರೆ 2017ರಲ್ಲಿ ಅದೇ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರದ ಡಿಜಿಟಲ್ ಕಲಿಕೆಯ ‘ದೀಕ್ಷಾ’ ವೇದಿಕೆಯೂ ಶುರುವಾಯಿತು. ಅದರ ಅಡಿಪಾಯವಾದ ‘ಸನ್‌ಬರ್ಡ್’ ತಂತ್ರಾಂಶವನ್ನು ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್. ಪಠ್ಯಪುಸ್ತಕದ ಅಧ್ಯಾಯಗಳ ಪಕ್ಕದಲ್ಲಿ ಕಪ್ಪು ಚೌಕದ ಕ್ಯೂಆರ್ ಕೋಡ್ ಮೂಡಿದ್ದು ಆಗಲೇ. ಪುಸ್ತಕ ಸರ್ಕಾರ ಕೊಟ್ಟದ್ದು, ಕೋಡ್ ಸರ್ಕಾರ ಅಚ್ಚು ಹಾಕಿದ್ದು. ಅದನ್ನು ಓದುವ ಫೋನು ಮಾತ್ರ ಮಗುವಿನ ಅಪ್ಪ ಕೊಳ್ಳಬೇಕಾದದ್ದು.

ಪರದೆಯ ಮೂಲಕ ಪಾಠ ಎಂಬ ಕಲ್ಪನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಪ್ರಯೋಗ ನಡೆದಿತ್ತು. ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಿತ್ತರಿಸಿತು. ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬುಟ್ಟಿಯಾಕಾರದ ಆಂಟೆನಾವನ್ನು ಶಾಲೆಯ ಅಥವಾ ಪಂಚಾಯಿತಿ ಕಟ್ಟಡದ ಬಳಿ ನಿಲ್ಲಿಸಲಾಯಿತು. ಬೆಳಿಗ್ಗೆ 5ರಿಂದ 12 ವಯಸ್ಸಿನ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಬೆಂಗಳೂರಿನ ಮನೆಗಳಲ್ಲೂ ಟಿವಿ ಇಲ್ಲದ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಉಪಗ್ರಹದ ಟಿವಿ ನೋಡಿದವು. ವರ್ಷ ಮುಗಿಯಿತು, ಉಪಗ್ರಹ ಹೊರಟುಹೋಯಿತು, ಹಳ್ಳಿಯ ಪರದೆ ಕಪ್ಪಾಯಿತು.

ಆಮೇಲೂ ಪ್ರಯತ್ನ ನಿಲ್ಲಲಿಲ್ಲ. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ಆಕಾಶವಾಣಿಯ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಪಾಠಗಳನ್ನು ತರಗತಿಯ ಮೇಜಿನ ಮೇಲಿಟ್ಟ ರೇಡಿಯೊದಲ್ಲಿ ಕೇಳಿದ ಪೀಳಿಗೆಯೇ ಇದೆ. ಇವೆಲ್ಲದರಲ್ಲೂ ಒಂದು ಸಂಗತಿ ಸಮಾನ: ಯಂತ್ರ ಒಬ್ಬರದಾಗಿರಲಿಲ್ಲ. ಊರಿನದೋ ಶಾಲೆಯದೋ ಆಗಿತ್ತು. ಸುತ್ತ ಹತ್ತಾರು ಜನ ಕುಳಿತಿರುತ್ತಿದ್ದರು, ನಡುವೆ ಮೇಷ್ಟ್ರು ಇರುತ್ತಿದ್ದರು. ಪಾಠ ಮುಗಿದ ಮೇಲೆ ‘ಏನ್ ಹೇಳಿದ್ರೋ’ ಎಂದು ಕೇಳುವವರಿದ್ದರು. ಮೊಬೈಲು ಇದನ್ನು ತಲೆಕೆಳಗು ಮಾಡಿತು. ಪಾಠ ಮೊದಲ ಬಾರಿಗೆ ಒಬ್ಬರ ಅಂಗೈಗೆ, ಒಬ್ಬರ ಕಿವಿಗೆ ಸೇರಿತು.

ಇದರಿಂದ ನಷ್ಟವಾಯಿತು ಎಂದು ಹೇಳಲು ಎಲ್ಲರೂ ಸಿದ್ಧರಿದ್ದಾರೆ. ಲಾಭವಾದದ್ದನ್ನು ಮೊದಲು ಹೇಳಿಬಿಡುವೆ.

ನಮ್ಮಲ್ಲಿ ಕಲಿಯುವುದಕ್ಕಿಂತ ಕಷ್ಟದ ಕೆಲಸವೆಂದರೆ ‘ನನಗೆ ಗೊತ್ತಿಲ್ಲ’ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಫೇಲಾದವನು ಮೂವತ್ತು ದಾಟಿದ ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ ಕಾಲೇಜು ಹುಡುಗರ ಪಕ್ಕ ಕೂರಲಾರ. ಫೋನಿನ ಮುಂದೆ ಆ ಅಳುಕಿಲ್ಲ. ಒಂದೇ ವಾಕ್ಯವನ್ನು ಇಪ್ಪತ್ತು ಸಲ ಕೇಳಿದರೂ ‘ಎಷ್ಟ್ ಸಲ ಹೇಳ್ಬೇಕಪ್ಪಾ ನಿಂಗೆ’ ಎಂದು ಅದು ಗದರುವುದಿಲ್ಲ. ಗಲ್ಲೆಯ ಹಿಂದೆ ಕುಳಿತ ಅಂಗಡಿಯವನು, ಗೇಟಿನ ಬಳಿಯ ಸೆಕ್ಯುರಿಟಿ ಗಾರ್ಡ್, ಪೇಷಂಟಿನ ಸರದಿ ಬರುವ ತನಕ ಬಿಡುವಿರುವ ಆಸ್ಪತ್ರೆಯ ಆಯಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರೆ ಸಿನಿಮಾ ಹಾಡೇ ಕೇಳುತ್ತಿದ್ದಾರೆಂದು ಹೇಳಲಾಗದು. ಶಾಲೆ ಅವಮಾನ ಮಾಡಿ ಕಳಿಸಿದವರಿಗೆ ಫೋನು ಎರಡನೇ ಬಾಗಿಲು ತೆರೆಯಿತು, ಅದೂ ಯಾರಿಗೂ ಕಾಣದಂತೆ.

ಕೈಕೆಲಸದ ಕಲಿಕೆಯಲ್ಲಿ ಇದರ ಫಲ ಇನ್ನೂ ನಿಚ್ಚಳ. ಸೀರೆಗೆ ಕುಚ್ಚು ಕಟ್ಟುವುದನ್ನೇ ನೋಡಿ. ಮೊದಲೆಲ್ಲ ಅದು ಅಕ್ಕಪಕ್ಕದ ಮನೆಯವರ ಬಳಿ ಕುಳಿತು, ಅವರ ಮರ್ಜಿ ಹಿಡಿದು ಕಲಿಯಬೇಕಾದ ವಿದ್ಯೆ. ಹೊಸ ಡಿಸೈನು ಗೊತ್ತಿದ್ದವರು ಅದನ್ನು ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಹೊಟ್ಟೆಪಾಡಿನ ಗುಟ್ಟು ಅದು. ಈಗ ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಹಾಕಿದ ಕುಚ್ಚು, ಎಲ್ಲದಕ್ಕೂ ಕನ್ನಡದಲ್ಲೇ ವಿಡಿಯೊಗಳಿವೆ. ಹೇಳಿಕೊಡುವವಳ ಮುಖ ಎಷ್ಟೋ ಸಲ ಕಾಣುವುದೇ ಇಲ್ಲ. ಎರಡು ಕೈ, ಒಂದು ಸೆರಗು, ನಾಲ್ಕು ಬಣ್ಣದ ದಾರ, ಹಿಂದೆ ಕುಕ್ಕರ್ ಸೀಟಿ. ನೋಡುವವಳು ಗಂಟು ಹಾಕುವ ಕಡೆ ನಿಲ್ಲಿಸುತ್ತಾಳೆ, ಹಿಂದಕ್ಕೆ ಎಳೆಯುತ್ತಾಳೆ, ಮತ್ತೆ ನೋಡುತ್ತಾಳೆ, ತನ್ನ ಸೆರಗಿನಲ್ಲಿ ಹಾಕುತ್ತಾಳೆ. ತಪ್ಪಿದರೆ ಬಿಚ್ಚುತ್ತಾಳೆ. ಬ್ಲೌಸ್ ಕಟಿಂಗ್ ಕಲಿಯುವವರು ಮೊದಲು ಹಳೆಯ ನ್ಯೂಸ್ ಪೇಪರಿನ ಮೇಲೆ ಗೆರೆ ಎಳೆದು ಕತ್ತರಿಸುತ್ತಾರೆ. ಕಂಕುಳ ಸುತ್ತಳತೆ ಕೂಡಿಬಂದ ಮೇಲೆ ಬಟ್ಟೆಗೆ ಕತ್ತರಿ. ಇಲ್ಲಿ ಪರೀಕ್ಷೆ ಬೇರೆ ಬೇಕಿಲ್ಲ. ಬ್ಲೌಸ್ ಮೈಗೆ ಕೂರಬೇಕು, ಇಲ್ಲವೇ ಕೂರುವುದಿಲ್ಲ. ಕಲಿತದ್ದು ಸರಿಯೋ ತಪ್ಪೋ ಎಂದು ಆ ಬಟ್ಟೆಯೇ ಹೇಳಿಬಿಡುತ್ತದೆ.

ತೋಟದಲ್ಲೂ ಹೀಗೆಯೇ. ಮಲೆನಾಡಿನ ಅಡಿಕೆ ಬೆಳೆಗಾರರು ಎಲೆಚುಕ್ಕಿ ರೋಗದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಗಳಿಗೆಯಲ್ಲಿ ಹತ್ತು ಉತ್ತರ ಬರುತ್ತವೆ. ಬೋರ್ಡೋ ದ್ರಾವಣ ತಯಾರಿಸುವಾಗ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಪುಸ್ತಕದಲ್ಲೂ ಸಿಗುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೇಗೆ ಸುರಿಯಬೇಕು, ಬಣ್ಣ ಎಂಥ ನೀಲಿಗೆ ತಿರುಗಬೇಕು ಎಂಬುದು ನೋಡಿದರೆ ಮಾತ್ರ ತಿಳಿಯುವಂಥದ್ದು. ಅದನ್ನು ವಿಡಿಯೊ ಚೆನ್ನಾಗಿ ತೋರಿಸುತ್ತದೆ. ಆ ಹತ್ತು ಉತ್ತರಗಳಲ್ಲಿ ನಾಲ್ಕು ಔಷಧಿ ಅಂಗಡಿಯವರದು, ಎರಡು ಯಾರೋ ಎಲ್ಲಿಂದಲೋ ಫಾರ್ವರ್ಡ್ ಮಾಡಿದ್ದು ಎಂಬುದು ಬೇರೆ ಮಾತು. ಯಾವುದನ್ನು ನಂಬಬೇಕೆಂದು ಅನುಭವಿ ರೈತನಿಗೆ ಗೊತ್ತಿರುತ್ತದೆ. ಮೂವತ್ತು ಮಳೆಗಾಲ ಕಂಡವನು ಅವನು. ಹೊಸದಾಗಿ ತೋಟ ಕೊಂಡು ಬೆಂಗಳೂರಿನಿಂದ ಬಂದವನಿಗೆ ಗೊತ್ತಿರುವುದಿಲ್ಲ.

ಇಲ್ಲಿಯೇ ಮಕ್ಕಳ ವಿಷಯ ಬೇರೆಯಾಗುವುದು. ಕುಚ್ಚು ಕಟ್ಟುವವಳಿಗೂ ಬೋರ್ಡೋ ಕಲಸುವವನಿಗೂ ತಮಗೇನು ಬೇಕೆಂದು ಮೊದಲೇ ಗೊತ್ತು. ಐದನೇ ತರಗತಿಯ ಮಗುವಿಗೆ ಭಿನ್ನರಾಶಿ ಏಕೆ ಬೇಕೆಂದು ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಬೇಕು ಎನ್ನಿಸುವಂತೆ ಮಾಡುವುದೇ ಮೇಷ್ಟ್ರ ಅರ್ಧ ಕೆಲಸ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳಿಗೆ ಬೀಗ ಬಿದ್ದಾಗ ಇದು ಎದುರಿಗೇ ಬಂದು ನಿಂತಿತು. ನಗರದ ಖಾಸಗಿ ಶಾಲೆಗಳು ಎಲ್‌ಕೆಜಿ ಮಕ್ಕಳನ್ನೂ ಜೂಮ್ ಮುಂದೆ ಕೂರಿಸಿದವು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ‘ಸೇತುಬಂಧ’ದ ಪಾಠಗಳು ಶುರುವಾದವು. ಮಕ್ಕಳಿಗೆ ಪಾಠ ನೋಡಲು ಟಿವಿ ಬೇಕೆಂದು ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ತಾಯಿಯೊಬ್ಬರು ತಾಳಿ ಅಡವಿಟ್ಟ ಸುದ್ದಿ ಆ ತಿಂಗಳ ಕೊನೆಗೆ ಪತ್ರಿಕೆಗಳಲ್ಲಿ ಬಂತು. ಆಗಸ್ಟ್‌ನಲ್ಲಿ ಬಂದದ್ದು, ಪಾಠವನ್ನು ಮಕ್ಕಳಿದ್ದಲ್ಲಿಗೇ ಒಯ್ಯುವ ರಾಜ್ಯ ಸರ್ಕಾರದ ‘ವಿದ್ಯಾಗಮ’ ಯೋಜನೆ.

ವಿದ್ಯಾಗಮವನ್ನು ಯಾರು ಏನೇ ಟೀಕಿಸಲಿ, ಅದರ ಲೆಕ್ಕಾಚಾರದಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಅದು ಮಕ್ಕಳನ್ನು ಫೋನಿನ ಪ್ರಕಾರ ವಿಂಗಡಿಸಿತು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಬರೀ ಮಾತಾಡುವ ಫೋನು ಉಳ್ಳವರು, ಏನೂ ಇಲ್ಲದವರು. ಏನೂ ಇಲ್ಲದವರ ಬಳಿಗೆ ಮೇಷ್ಟ್ರೇ ನಡೆದು ಹೋಗಬೇಕು. ಹಾಗಾಗಿ ಗುಡಿಯ ಪೌಳಿಯಲ್ಲಿ, ಅರಳಿಕಟ್ಟೆಯಲ್ಲಿ, ಸಮುದಾಯ ಭವನದಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಿ ವಠಾರ ಶಾಲೆಗಳು ನಡೆದವು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು ಅಕ್ಟೋಬರ್‌ನಲ್ಲಿ ಯೋಜನೆ ನಿಂತಿತು. ಮತ್ತೆ ಶುರುವಾದದ್ದು 2021ರ ಜನವರಿ 1ರಂದು, ಈ ಬಾರಿ ಶಾಲೆಯ ಅಂಗಳದಲ್ಲಿ. ಅಷ್ಟು ದಿನದ ಗದ್ದಲದಲ್ಲಿ ಬಹಳ ಮಕ್ಕಳು ಅಕ್ಷರಕ್ಕೆ ಹತ್ತಿರವಿದ್ದದ್ದು ಆ ಕಟ್ಟೆಗಳ ಮೇಲೆಯೇ ಎಂದು ಹಳ್ಳಿಯ ಶಿಕ್ಷಕರು ಹೇಳುತ್ತಾರೆ. ನನಗೂ ಅದನ್ನು ಅನುಮಾನಿಸಲು ಕಾರಣ ಕಾಣುವುದಿಲ್ಲ.

ಅತ್ತ ಕರಾವಳಿ, ಮಲೆನಾಡಿನಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಫೋನಿತ್ತು, ದುಡ್ಡೂ ಇತ್ತು, ನೆಟ್‌ವರ್ಕ್ ಇರಲಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದಾಗ, ಜಡಿಮಳೆಯಲ್ಲಿ ಅವಳ ತಲೆಯ ಮೇಲೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶವೆಲ್ಲ ಹರಿದಾಡಿತು. ಜನ ಅದರಲ್ಲಿ ಛಲ ಕಂಡು ಮೆಚ್ಚಿದರು. ಟವರ್ ಇಲ್ಲದ ಊರಿಗೆ ಆನ್‌ಲೈನ್ ಪಾಠ ಕಳಿಸಿದವರ ಬಗ್ಗೆ ಅಷ್ಟು ಮಾತು ಬರಲಿಲ್ಲ.

ಆ ಎರಡು ವರ್ಷಗಳಲ್ಲಿ ಫೋನು ಬಹಳ ಮನೆಗಳನ್ನು ಹೊಕ್ಕಿತು. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ 36.5, 2020ರಲ್ಲಿ ಶೇ 61.8, 2021ರಲ್ಲಿ ಶೇ 67.6. ಈ ಏರಿಕೆಯನ್ನು ಭಾಷಣಗಳಲ್ಲಿ ಬಹಳ ಸಲ ಉಲ್ಲೇಖಿಸಲಾಗಿದೆ. ಅದೇ 2021ರ ವರದಿಯ ಇನ್ನೊಂದು ಸಾಲು ಭಾಷಣಗಳಲ್ಲಿ ಬರುವುದಿಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಮಕ್ಕಳಲ್ಲೇ ಶೇ 26ರಷ್ಟು ಮಂದಿಗೆ ಅದು ಓದಿಗೆ ಸಿಗುತ್ತಲೇ ಇರಲಿಲ್ಲ. ಸುಮಾರು ಅರ್ಧದಷ್ಟು ಮಕ್ಕಳಿಗೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿತ್ತು. ಬೇಕೆಂದಾಗ ಸಿಗುತ್ತಿದ್ದದ್ದು ಕಾಲುಭಾಗಕ್ಕೆ. ಅಪ್ಪನ ಜೇಬಿನ ಲೆಕ್ಕ ಇದು.

ಫಲಿತಾಂಶವೂ ಬಂತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 2021ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಶೇ 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇ 82. ಹೊಸದು ಕಲಿಯದಿರುವುದು ಒಂದು, ಕಲಿತದ್ದೇ ಕೈಬಿಟ್ಟು ಹೋಗುವುದು ಇನ್ನೊಂದು. 2022-23ನೇ ಸಾಲನ್ನು ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ವರ್ಷವೆಂದು ಘೋಷಿಸಬೇಕಾದ ಸ್ಥಿತಿ ಬಂದದ್ದು ಇದರಿಂದಲೇ.

ಇದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಆನ್‌ಲೈನ್ ಪಾಠ ಮಾರುವ ಬೈಜುಸ್ ಕಂಪನಿ 2015ರಲ್ಲಿ ಆ್ಯಪ್ ಬಿಟ್ಟಿತು, 2019ರಲ್ಲಿ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ತನ್ನ ಹೆಸರು ಬರೆಸಿತು, 2022ರಲ್ಲಿ 22 ಶತಕೋಟಿ ಡಾಲರ್ ಮೌಲ್ಯದ ಕಂಪನಿ ಎನ್ನಿಸಿಕೊಂಡಿತು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೇ ಕೊಡಬೇಕಾದ 158 ಕೋಟಿ ರೂಪಾಯಿ ಬಾಕಿಯ ವಿಷಯದಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಶುರುವಾಯಿತು. ಇದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನ್ನ ಕುತೂಹಲ ಒಂದೇ. ಕ್ರಿಕೆಟ್ ತಂಡದ ಅಂಗಿಯ ತನಕ ಹೋದ ಆ ದುಡ್ಡಿನ ಹೊಳೆಯಲ್ಲಿ ಕನ್ನಡ ಮಾಧ್ಯಮದ ಮಗುವಿನ ಪಾಲಿಗೆ ಎಷ್ಟು ಹನಿ ಬಿತ್ತು? ಎಜುಟೆಕ್ ಕಂಪನಿಗಳ ರಾಜಧಾನಿ ನಮ್ಮದೇ ಊರು. ಅವು ಮಾತಾಡಿದ್ದು ಹೆಚ್ಚಾಗಿ ಇಂಗ್ಲಿಷು, ಹಿಂದಿ. ಕನ್ನಡದಲ್ಲಿ ಮೊಬೈಲ್ ಪಾಠ ಬೆಳೆದದ್ದು ಬಂಡವಾಳವಿಲ್ಲದ ಜನರಿಂದ. ಗೋಡೆಗೆ ಕರಿಹಲಗೆ ಒರಗಿಸಿ, ಟ್ರೈಪಾಡ್‌ಗೆ ಫೋನು ಸಿಕ್ಕಿಸಿ ಪಾಠ ಮಾಡಿದ ಸರ್ಕಾರಿ ಶಾಲೆಯ ಶಿಕ್ಷಕರು, ನಿವೃತ್ತ ಉಪನ್ಯಾಸಕರು, ತಾವೇ ಪರೀಕ್ಷೆಗೆ ಓದುತ್ತ ಇತರರಿಗೂ ಹೇಳಿಕೊಟ್ಟ ಹುಡುಗರು ಅವರು.

ಆ ಹುಡುಗರನ್ನು ನೋಡಬೇಕಾದರೆ ಧಾರವಾಡದ ಸಪ್ತಾಪುರಕ್ಕೆ ಹೋಗಬೇಕು, ಇಲ್ಲವೇ ಬೆಂಗಳೂರಿನ ವಿಜಯನಗರಕ್ಕೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಓದುವ ಸಾವಿರಾರು ಅಭ್ಯರ್ಥಿಗಳ ಬೀದಿಗಳಿವು. ಎಲ್ಲರ ಫೋನಿನಲ್ಲೂ ಟೆಲಿಗ್ರಾಮ್ ಚಾನೆಲ್‌ಗಳು, ಅವುಗಳ ತುಂಬ ಪಿಡಿಎಫ್ ನೋಟ್ಸ್. ಬೆಳಿಗ್ಗೆ ಎದ್ದ ಕೂಡಲೇ ಯೂಟ್ಯೂಬಿನಲ್ಲಿ ಕರೆಂಟ್ ಅಫೇರ್ಸ್. ಇಷ್ಟೆಲ್ಲ ಅಂಗೈಯಲ್ಲಿ ಪುಕ್ಕಟೆ ಸಿಗುವಾಗ ಊರಲ್ಲೇ ಕುಳಿತು ಓದಬಹುದಲ್ಲ? ಓದುವುದಿಲ್ಲ. ಪಿಜಿಗೆ ಬಾಡಿಗೆ ಕೊಟ್ಟು, ಅದರ ಮೇಲೆ ‘ಲೈಬ್ರರಿ’ಗೆ ತಿಂಗಳ ಫೀ ಕಟ್ಟಿ ಬಂದು ಕೂರುತ್ತಾರೆ. ಆ ಲೈಬ್ರರಿಗಳಲ್ಲಿ ಪುಸ್ತಕಗಳೇ ಇರುವುದಿಲ್ಲ ಎಂಬುದು ಹೊಸಬರಿಗೆ ಅಚ್ಚರಿ. ಅಲ್ಲಿರುವುದು ಒಂದು ಕುರ್ಚಿ, ಅಡ್ಡ ಹಲಗೆ ಹಾಕಿದ ಮೇಜು, ಚಾರ್ಜಿಂಗ್ ಪಾಯಿಂಟ್, ವೈಫೈ, ಪಕ್ಕದಲ್ಲಿ ಅದೇ ಪರೀಕ್ಷೆಗೆ ಓದುತ್ತಿರುವ ಇನ್ನೊಬ್ಬ. ಅವರು ದುಡ್ಡು ಕೊಡುವುದು ಆ ಇನ್ನೊಬ್ಬನಿಗಾಗಿ. ಅವನು ಎದ್ದು ಹೋಗುವ ತನಕ ಇವನೂ ಏಳುವುದಿಲ್ಲ. ಪಾಠ ಫೋನಿನಿಂದ ಬಂದರೂ ಓದುವ ಹಟಕ್ಕೆ ಪಕ್ಕದಲ್ಲೊಬ್ಬ ಮನುಷ್ಯ ಬೇಕಾಯಿತು.

(ಅದೇ ಫೋನನ್ನು ಕಿವಿಯೊಳಗಿನ ಬ್ಲೂಟೂತ್‌ಗೆ ಜೋಡಿಸಿ ಉತ್ತರ ಕೇಳಿಸಿಕೊಂಡವರೂ ಇದ್ದರು. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಇಂಥ ಅಕ್ರಮಗಳಿಂದ ಕೆಟ್ಟು, ಮರುವರ್ಷ ರದ್ದಾಯಿತು. ವರ್ಷಗಟ್ಟಲೆ ಲೈಬ್ರರಿಯ ಕುರ್ಚಿ ಸವೆಸಿ ನೇರವಾಗಿ ಬರೆದವರೂ ಅದರಲ್ಲಿ ಬೆಂದರು.)

ಸಪ್ತಾಪುರಕ್ಕೆ ಬರುವ ಹುಡುಗಿಯರು ಈಗ ಕಡಿಮೆಯೇನಿಲ್ಲ. ಆದರೆ ಅಲ್ಲಿಯವರೆಗೆ ಬಂದವರು ಒಂದು ಜರಡಿ ದಾಟಿ ಬಂದವರು. 2023ರ ಅಸರ್ ವರದಿ 14ರಿಂದ 18 ವಯಸ್ಸಿನವರನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವವರ ಪೈಕಿ ಸ್ವಂತ ಫೋನು ಇದ್ದದ್ದು ಹುಡುಗರಲ್ಲಿ ಶೇ 43.7, ಹುಡುಗಿಯರಲ್ಲಿ ಶೇ 19.8. ಹುಡುಗನ ಕೈಯಲ್ಲಿ ಫೋನಿದ್ದರೆ ‘ಏನೋ ಓದ್ಕೊತಿದಾನೆ’. ಹುಡುಗಿಯ ಕೈಯಲ್ಲಿದ್ದರೆ ‘ಯಾರ ಜೊತೆ ಮಾತು?’ ಪಾಠದ ವಿಡಿಯೊ ನೋಡುವಾಗಲೂ ಸ್ಪೀಕರ್ ಜೋರಾಗಿಟ್ಟು, ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿ ಕೂರಬೇಕಾದ ಹುಡುಗಿಯರಿದ್ದಾರೆ. ಅಂಗಡಿಯವನಿಗೆ ಸಿಕ್ಕ ಗುಟ್ಟಿನ ಕಲಿಕೆ ಇವಳಿಗೆ ಸಿಗಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೆ ಫೋನು ಕೊಡಿಸುತ್ತೇವೆ ಎಂಬ ಮಾತು ಬೇರೆ. ಅಂಕ ಬರಲು ಬೇಕಾದದ್ದನ್ನು ಅಂಕಕ್ಕೆ ಬಹುಮಾನವಾಗಿ ಕೊಡುವ ತಮಾಷೆ ಇದು.

ಹುಡುಗರಾದರೂ ಫೋನಿನಲ್ಲಿ ಓದುತ್ತಲೇ ಇರುತ್ತಾರೆಂದೇನಿಲ್ಲ. 2024ರ ಅಸರ್ ಪ್ರಕಾರ 14ರಿಂದ 16 ವಯಸ್ಸಿನವರಲ್ಲಿ ಹಿಂದಿನ ವಾರ ಫೋನನ್ನು ಓದಿಗಾಗಿ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ರೀಲ್ಸ್ ತೋರಿಸುವ ಕಂಪನಿಗಳು ನೋಡುಗನನ್ನು ಹಿಡಿದಿಡಲು ಕೋಟಿಗಟ್ಟಲೆ ಸುರಿಯುತ್ತವೆ. ಭಿನ್ನರಾಶಿಯ ವಿಡಿಯೊ ಮಾಡಿದ ಮೇಷ್ಟ್ರ ಬಳಿ ಇರುವುದು ಟ್ರೈಪಾಡ್ ಮಾತ್ರ.

ಮೇಷ್ಟ್ರ ಫೋನಿನ ಬಗ್ಗೆಯೂ ಒಂದು ಮಾತು. ಸರ್ಕಾರಿ ಶಾಲೆಯ ಶಿಕ್ಷಕಿಯ ಫೋನಿನ ಗ್ಯಾಲರಿ ತೆರೆದರೆ ಅವಳ ಮನೆಯವರ ಚಿತ್ರಕ್ಕಿಂತ ಹೆಚ್ಚಾಗಿ ಬಿಸಿಯೂಟದ ತಟ್ಟೆ, ಮೊಟ್ಟೆ ಹಂಚಿದ ಫೋಟೊ, ಯಾವುದೋ ದಿನಾಚರಣೆಯ ಬ್ಯಾನರ್ ಕಾಣುತ್ತವೆ. ಮಾಡಿದ್ದಕ್ಕೆಲ್ಲ ಗ್ರೂಪಿನಲ್ಲಿ ಸಾಕ್ಷಿ ಹಾಕಬೇಕು. 2020ರ ಅಕ್ಟೋಬರ್‌ನಿಂದ ಶಿಕ್ಷಕರ ‘ನಿಷ್ಠಾ’ ತರಬೇತಿಯೂ ದೀಕ್ಷಾ ಆ್ಯಪಿನೊಳಗೆ ಬಂತು. ಸಾರಿಗೆ ಒಗ್ಗರಣೆ ಹಾಕುತ್ತ ಪಕ್ಕದಲ್ಲಿ ತರಬೇತಿಯ ವಿಡಿಯೊ ಓಡಿಸಿ ಸರ್ಟಿಫಿಕೇಟ್ ಪಡೆದ ಶಿಕ್ಷಕಿಯರನ್ನು ನಾನು ತಪ್ಪಿತಸ್ಥರೆಂದು ಹೇಳಲಾರೆ. ಅಂಥ ಕಲಿಕೆ ಹೇಗಿರುತ್ತದೆಂದು ಅವರಿಗೇ ಚೆನ್ನಾಗಿ ಗೊತ್ತು. ಮಕ್ಕಳಿಗೆ ವಿಡಿಯೊ ಕಳಿಸಿ ಸುಮ್ಮನಾಗಲು ಅವರಲ್ಲಿ ಬಹಳ ಜನ ಒಪ್ಪದಿರುವುದೂ ಬಹುಶಃ ಅದಕ್ಕೇ.

ಈಗ ಎಐ ಬಂದಿದೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತದೆ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಯಾವುದು ತಪ್ಪೆಂದು ಹಿಡಿಯುವವರು ಪಕ್ಕದಲ್ಲಿ ಬೇಕು; ಅಡಿಕೆ ಗ್ರೂಪಿನ ಸಮಸ್ಯೆಯೇ ಇಲ್ಲಿಯೂ.

ಹೀಗಿರುವಾಗ ನನಗೆ ಆಸಕ್ತಿ ಹುಟ್ಟಿಸುವುದು ಹೊಸ ಆ್ಯಪ್‌ಗಳಲ್ಲ, ಗ್ರಾಮ ಪಂಚಾಯಿತಿಯ ಹಳೆಯ ಗ್ರಂಥಾಲಯಗಳು. ದಿನಪತ್ರಿಕೆ, ನಾಲ್ಕು ಕಪಾಟು, ಒಂದು ಬೆಂಚು ಎಂಬಂತಿದ್ದ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದ ಮೇಲೆ ‘ಅರಿವು ಕೇಂದ್ರ’ಗಳಾದವು. 2020ರ ನವೆಂಬರ್‌ನಲ್ಲಿ, ಶಾಲೆಗಳು ಇನ್ನೂ ಮುಚ್ಚಿರುವಾಗಲೇ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಬಹಳ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಒಂದೇ ಪರದೆಯ ಸುತ್ತ ನಾಲ್ಕೈದು ಮಕ್ಕಳು ಮುತ್ತಿಕೊಂಡು, ‘ಅದಲ್ಲ ಕಣೋ, ಇದನ್ನ ಒತ್ತು’ ಎಂದು ಜಗಳವಾಡುತ್ತಾರೆ. ಪರದೆ ಮತ್ತೆ ಊರಿನದಾಗಿದೆ. ಅಲ್ಲಿ ಕುಳಿತ ಹುಡುಗಿಯನ್ನು ‘ಯಾರ ಜೊತೆ ಮಾತು’ ಎಂದು ಯಾರೂ ಕೇಳುವುದಿಲ್ಲ, ಅಪ್ಪ ಕೆಲಸದಿಂದ ಬರಲೆಂದು ಅವಳು ಕಾಯಬೇಕಾಗಿಯೂ ಇಲ್ಲ.

ಈ ಕೇಂದ್ರಗಳು ಎಲ್ಲ ಊರಲ್ಲೂ ಒಂದೇ ಥರ ಇಲ್ಲ. ಮೇಲ್ವಿಚಾರಕರಿಗೆ ಉತ್ಸಾಹವಿದ್ದ ಕಡೆ ಮಕ್ಕಳು ತುಂಬಿರುತ್ತಾರೆ. ಇಲ್ಲದ ಕಡೆ ಕಂಪ್ಯೂಟರಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಇಲಾಖೆ ಮುಂದಿನ ಕಂತಿನ ಹಣವನ್ನು ಇನ್ನಷ್ಟು ಯಂತ್ರಗಳಿಗೆ ಸುರಿಯುತ್ತದೋ, ಆ ಮೇಲ್ವಿಚಾರಕರಿಗೆ ಕೊಟ್ಟು ಶಾಲೆ ಬಿಟ್ಟ ಮೇಲೂ ಎರಡು ಗಂಟೆ ಬಾಗಿಲು ತೆಗೆದಿಡಿಸುತ್ತದೋ ನೋಡಬೇಕು. ನನ್ನನ್ನು ಕೇಳಿದರೆ ಎರಡನೆಯದಕ್ಕೇ ಕೊಡಲಿ.